ಮೇಜುಬಟ್ಟೆ ನೋಡಿ ಊಟ ಹೇಳುವವಳು

ನನ್ನ ಅಕ್ಕ ಇಷ್ಟು ವಯಸ್ಸಾದರೂ ಒಂದೇ ಒಂದು ಹೋಟೆಲಿನಲ್ಲಿ ಕೂತು ಊಟ ಮಾಡಿದವಳಲ್ಲ. ಆದರೆ ನಮ್ಮ ಊರಿಗೆ ತಿನ್ನುವುದಕ್ಕೆಂದೇ ಬರುವ ಪ್ರವಾಸಿಗರು ಎಲ್ಲಿ ಉಣ್ಣಬೇಕು, ಎಲ್ಲಿ ಉಣ್ಣಬಾರದು, ಯಾವ ದಿನ ಯಾರ ಬಾಗಿಲಿಗೆ ಹೋಗಬಾರದು ಎಂದು ಕೇಳುವುದು ಅವಳನ್ನೇ. ನನ್ನನ್ನಲ್ಲ. ನಾನು ಹನ್ನೆರಡು ಕೋಣೆಗಳ ಲಾಡ್ಜಿನ ಮ್ಯಾನೇಜರು. ‘ಎಲ್ಲಿ ಊಟ ಮಾಡಬೇಕು’ ಎಂಬ ಪಟ್ಟಿಯನ್ನು ಕೈಯಾರೆ ಬರೆದು, ಅಚ್ಚು ಹಾಕಿಸಿ, ಕೌಂಟರಿನ ಮೇಲೆ ಅಂದವಾಗಿ ಜೋಡಿಸಿ ಇಟ್ಟವನು. ಜನ ಒಂದು ಪ್ರತಿ ತೆಗೆದುಕೊಳ್ಳುತ್ತಾರೆ, ಓದಿದ ಹಾಗೆ ಮಾಡುತ್ತಾರೆ, ಆಮೇಲೆ ದನಿ ತಗ್ಗಿಸಿ, “ಹಿಂದ್ಗಡೆ ಬಟ್ಟೆ ಒಗೀತಾರಲ್ಲ, ಅವರು ಇದಾರಾ?” ಎಂದು ಕೇಳುತ್ತಾರೆ. ನನ್ನ ಪಟ್ಟಿಯಲ್ಲಿ ಒದ್ದೆ ಚಪ್ಪಲಿ ಸುತ್ತಿಕೊಂಡು ಹೋದವರನ್ನೂ ನಾನು ಕಂಡಿದ್ದೇನೆ.

ಲಾಡ್ಜಿನ ಹಿಂದಿನ ಅಂಗಳದಲ್ಲಿ ಅಕ್ಕನ ಲಾಂಡ್ರಿ ಇದೆ. ಭಾವ ಶುರು ಮಾಡಿದ್ದು. ಅವರು ಹೋದ ಮೇಲೆ ಇವಳೇ ನಡೆಸುತ್ತಿದ್ದಾಳೆ. ಮೂರು ಕಲ್ಲಿನ ತೊಟ್ಟಿ, ನೀರು ಕಾಯಿಸುವ ಒಂದು ದೊಡ್ಡ ಹಂಡೆ, ಇಸ್ತ್ರಿಗೆ ಉದ್ದನೆಯ ಹಲಗೆ, ತಲೆಯ ಮೇಲೆ ಒಂಬತ್ತು ಸಾಲು ತಂತಿ. ಊರಿನ ಮುಕ್ಕಾಲು ಪಾಲು ಹೋಟೆಲುಗಳ ಮೇಜುಬಟ್ಟೆ, ಬಾಯಿ ಒರೆಸುವ ನ್ಯಾಪ್‌ಕಿನ್ನು, ಅಡುಗೆಯವರ ಏಪ್ರನ್ನು ಎಲ್ಲ ಗಂಟುಗಂಟಾಗಿ ದಿನಾ ಬೆಳಿಗ್ಗೆ ಅಲ್ಲಿಗೆ ಬಂದು ಬೀಳುತ್ತವೆ. ಅಕ್ಕ ಗಂಟು ಬಿಚ್ಚಿ ಒಂದೊಂದನ್ನೂ ಬೆಳಕಿಗೆ ಹಿಡಿಯುತ್ತಾಳೆ, ಮೂಸುತ್ತಾಳೆ, ತನ್ನಷ್ಟಕ್ಕೆ ಏನೋ ಗೊಣಗುತ್ತಾಳೆ. ಮಾಲೀಕ ತನ್ನ ಹೆಂಡತಿಗೂ ಹೇಳದ ಸಂಗತಿ ಆ ಹೊತ್ತಿಗೆ ಇವಳಿಗೆ ಗೊತ್ತಾಗಿರುತ್ತದೆ.

“ಮೀನು ತಿನ್ಬೇಕಾ? ಸೇತುವೆ ಪಕ್ಕದವನ ಹತ್ರ ಹೋಗಿ. ಮಂಗಳವಾರ ಮಾತ್ರ ಬೇಡ,” ಎನ್ನುತ್ತಾಳೆ, ಬ್ರಷ್ಷು ಕೈಯಿಂದ ಕೆಳಗಿಡದೆ.

“ಮಂಗಳವಾರ ಯಾಕೆ ಬೇಡ?”

“ಅವತ್ತಿನ ಬಟ್ಟೆಯಲ್ಲಿ ನಿಂಬೆಹಣ್ಣಿನ ಕಲೆ ಜಾಸ್ತಿ. ಮೀನು ತಾಜಾ ಇದ್ರೆ ಅಷ್ಟು ನಿಂಬೆ ಯಾರು ಹಿಂಡ್ತಾರೆ?”

ಎಣ್ಣೆಯ ಕಲೆ ಎರಡು ಸಲ ಉಜ್ಜಿದರೂ ಹಳದಿಯಾಗಿ ಉಳಿದರೆ ಆ ಅಡುಗೆಯವನು ಅದೇ ಎಣ್ಣೆಯನ್ನು ಮೂರನೇ ದಿನ ಕಾಯಿಸಿದ್ದಾನೆ. ಮೇಜುಬಟ್ಟೆಯ ಅಂಚಿನಲ್ಲಿ ಫೋರ್ಕಿನ ತುದಿಯಿಂದ ಗೀರಿದ ಗೆರೆಗಳಿದ್ದರೆ ಅಲ್ಲಿ ಜನ ಕಾದು ಕಾದು ಸಾಕಾಗಿದ್ದಾರೆ. ಬಸ್ ನಿಲ್ದಾಣದ ಹಿಂದೆ ಎರಡೇ ಮೇಜಿನ ಒಂದು ಸಣ್ಣ ಜಾಗ ಇದೆ. ಅಲ್ಲಿಂದ ಬಂದ ಬಟ್ಟೆಯಲ್ಲಿ ಒಂದು ದಿನ ಯಾರೋ ಚೆಲ್ಲಿದ ಸೂಪನ್ನೂ ಬ್ರೆಡ್ಡಿನಿಂದ ಒತ್ತಿ ಒರೆಸಿ ತಿಂದ ಗುರುತು ಇತ್ತಂತೆ. ಅಂದಿನಿಂದ ಆ ಜಾಗದ ಮುಂದೆ ಪ್ರವಾಸಿಗರ ಸಾಲು ನಿಂತಿದೆ. ನನ್ನ ಪಟ್ಟಿಯಲ್ಲಿ ಆ ಹೋಟೆಲಿನ ಹೆಸರೇ ಇರಲಿಲ್ಲ.

ಇವಳ ಮಾತಿನಿಂದ ಗಿರಾಕಿ ಕಳೆದುಕೊಂಡವರು ಇವಳ ಹತ್ತಿರ ಜಗಳಕ್ಕೆ ಹೋಗುವುದಿಲ್ಲ. ನನ್ನ ಕೌಂಟರಿಗೆ ಬರುತ್ತಾರೆ. ನಾನು ನಕ್ಕು, ಕೂರಿಸಿ, ಚಹಾ ಕೊಟ್ಟು, ಪಟ್ಟಿಯಲ್ಲಿ ಅವರನ್ನು ಎರಡು ಸಾಲು ಮೇಲಕ್ಕೆ ಏರಿಸಿ ಕಳಿಸುತ್ತೇನೆ. ಹಾಗೆ ಏರಿಸಿ ಏರಿಸಿ ನನ್ನ ಪಟ್ಟಿ ಯಾವ ಮಟ್ಟಕ್ಕೆ ಬಂದಿದೆ ಎಂದರೆ, ಮೇಲಿನ ಐದು ಹೋಟೆಲುಗಳಲ್ಲಿ ನಾನೇ ಊಟ ಮಾಡುವುದಿಲ್ಲ. “ನೀನು ಸ್ವಲ್ಪ ಬಾಯಿ ಮುಚ್ಕೊಂಡು ಬಟ್ಟೆ ಒಗೀಬಾರ್ದಾ ಅಕ್ಕಾ?” ಎಂದು ವರ್ಷಗಟ್ಟಲೆ ಗೋಗರೆದಿದ್ದೇನೆ. “ಕೇಳಿದ್ರೆ ಹೇಳ್ತೀನಿ. ಕೇಳ್ಬೇಡಿ ಅಂತ ಅವರಿಗೆ ಹೇಳು,” ಎನ್ನುತ್ತಾಳೆ. ಕಲ್ಲಿಗೆ ತಲೆ ಚಚ್ಚಿಕೊಂಡ ಹಾಗೆ.

ಅವಳ ಹೆಸರು ಹರಡಿದ್ದು ವೈನಿನಿಂದ. ನಿಜವಾದ ದ್ರಾಕ್ಷಿಯ ಕಲೆಗೆ ಬಟ್ಟೆ ಒಗೆಯುವ ಸೋಡಾ ಬೆರೆಸಿದ ಬಿಸಿನೀರು ತಗುಲಿದರೆ ಅದು ಕೆಂಪು ಬಿಟ್ಟು ಮಂಕು ನೀಲಿಗೆ ತಿರುಗುತ್ತದೆ. ಬಣ್ಣದ ಪುಡಿ ಬೆರೆಸಿದ್ದು ಏನು ಮಾಡಿದರೂ ಕೆಂಪಾಗೇ ಕೂತಿರುತ್ತದೆ ಎಂಬುದು ಅವಳು ತೊಟ್ಟಿಯ ಮುಂದೆ ನಿಂತು ಕಂಡುಕೊಂಡ ವಿದ್ಯೆ. ಹದಿನೇಳು ವರ್ಷದ ಹಿಂದೆ ಗಡಿಯಾರದ ಕಂಬದ ಹತ್ತಿರ ಒಬ್ಬ ಮೀಸೆಯವನ ಹೋಟೆಲಿತ್ತು. ಒಳ್ಳೆಯ ಮನುಷ್ಯ, ಮಾತು ಸಿಹಿ. ಅವನ ಮೇಜುಬಟ್ಟೆಯ ಕಲೆ ನೀಲಿಯಾಗಲಿಲ್ಲ. ಅಕ್ಕ ಕೇಳಿದವರಿಗೆಲ್ಲ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆರು ತಿಂಗಳಲ್ಲಿ ಬಾಗಿಲು ಹಾಕಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟ. ಆಮೇಲೆ ಅಕ್ಕನ ಮಾತಿಗೆ ಎದುರು ಮಾತಿಲ್ಲ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ.

ಆ ಸೋಡಾ ಕಲೆ ತೆಗೆಯುವಷ್ಟೇ ಚೆನ್ನಾಗಿ ಚರ್ಮವನ್ನೂ ತೆಗೆಯುತ್ತದೆ. ಅಕ್ಕನ ಬೆರಳುಗಳು ಸದಾ ಬಿರಿದಿರುತ್ತಿದ್ದವು. ಗೆಣ್ಣಿನ ಹತ್ತಿರ ಬಾಯಿ ಬಿಟ್ಟುಕೊಂಡ ಗಾಯ, ಅದರಲ್ಲಿ ಮತ್ತೆ ಸೋಡಾ. ದಿನಾ ಸಂಜೆ ಅಂಗಳದಿಂದ “ಲೋ, ಮುಲಾಮು” ಎಂಬ ಕೂಗು ಕೌಂಟರಿಗೆ ಕೇಳುತ್ತಿತ್ತು. ನಾನು ಗಿರಾಕಿಯನ್ನು ಬಿಟ್ಟು ಓಡಬೇಕಿತ್ತು. ರಬ್ಬರಿನ ಕೈಗವಸು ತಂದುಕೊಟ್ಟೆ. “ಇದನ್ನ ಹಾಕ್ಕೊಂಡ್ರೆ ಕಲೆ ಕೈಗೆ ಸಿಗಲ್ಲ,” ಎಂದು ಅದರಲ್ಲಿ ಬಟ್ಟೆಯ ಕ್ಲಿಪ್ಪು ತುಂಬಿಟ್ಟಳು. ವೈದ್ಯರು ಸೋಡಾ ಬಿಡಿ ಎಂದರು. ವೈದ್ಯರಿಗೇ ಯಾವ ಹೋಟೆಲಿಗೆ ಹೋಗಬಾರದೆಂದು ಹೇಳಿ ಎದ್ದುಬಂದಳು.

ನನಗೆ ನೋಡಲಾಗಲಿಲ್ಲ. ಸಾಮಾನು ತರುವವನು ನಾನೇ. ಅಂಗಡಿಯವನು ಕೈಗೆ ಹಿತವಾದ, ಸೋಡಾದಷ್ಟೇ ಬೆಳ್ಳಗಿನ ಒಂದು ಪುಡಿ ತೋರಿಸಿದ. ಅದನ್ನು ತಂದು ಅಕ್ಕನ ಹಳೆಯ ತಗಡಿನ ಡಬ್ಬಿಗೆ ಸುರಿದೆ. ಸೋಡಾ ಎಲ್ಲ ಬಚ್ಚಲಿಗೆ ಹೋಯಿತು. ಅವಳಿಗೆ ಹೇಳಲಿಲ್ಲ. ಹೇಳಿದರೆ ಡಬ್ಬಿಯನ್ನು ನನ್ನ ತಲೆಯ ಮೇಲೆ ಕವುಚುತ್ತಿದ್ದಳು. ವಾರದಲ್ಲಿ ಬಿರುಕು ಕೂಡಿಕೊಂಡವು. “ಈ ಮುಲಾಮು ಪರವಾಗಿಲ್ವೋ,” ಎಂದಳು. “ನೀರು ಮಾತ್ರ ಈಚೆಗೆ ಯಾಕೋ ಗಡುಸು. ಎಷ್ಟು ಉಜ್ಜಿದ್ರೂ ಸಾಲ್ದು.” ನಾನು ನೀರಿಗೆ ಎರಡು ಬೈದು ಸುಮ್ಮನಾದೆ. ಬದುಕಿನಲ್ಲಿ ಒಂದಾದರೂ ಕೆಲಸ ಅವಳಿಗಿಂತ ಚೆನ್ನಾಗಿ ಮಾಡಿದೆ ಎಂದು ಒಳಗೊಳಗೇ ಬೀಗಿಕೊಂಡೆ.

ಮುಂದಿನ ವಾರ ನೋಟ್‌ಬುಕ್ ದಂಪತಿ ಬಂದರು. ಗಂಡ ಹೆಂಡತಿ ಇಬ್ಬರೂ ನಿವೃತ್ತರು, ಪ್ರತಿ ವರ್ಷ ಹದಿನೈದು ದಿನ ನಮ್ಮಲ್ಲಿ ತಂಗುತ್ತಾರೆ. ತಿಂದದ್ದು, ಕುಡಿದದ್ದು ಎಲ್ಲವನ್ನೂ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಅವರಂತೆಯೇ ಊಟಕ್ಕಾಗಿ ಊರೂರು ಸುತ್ತುವ ಸ್ನೇಹಿತರ ದೊಡ್ಡ ಬಳಗ ಆ ನೋಟ್‌ಬುಕ್ಕು ನೋಡಿಯೇ ಹೊರಡುತ್ತದೆ. ಆ ಸಲ ಬಳಗದವರು ಒಂದು ಬಸ್ಸು ಮಾಡಿಕೊಂಡು ಮೂರನೇ ದಿನ ಬರುವವರಿದ್ದರು.

“ವೈನಿಗೆ ಎಲ್ಲಿ ಕರ್ಕೊಂಡು ಹೋಗೋಣ?” ಎಂದು ಹೆಂಡತಿ ಕೇಳಿದರು. ನಮ್ಮಲ್ಲಿ ಇರುವುದು ಎರಡೇ ವೈನರಿ. ಒಂದು ಗುಡ್ಡದ ಮೇಲಿನದು. ಅದರ ಯಜಮಾನರ ಬಟ್ಟೆ ಹದಿನೆಂಟು ವರ್ಷದಿಂದ ಅಕ್ಕನ ಹತ್ತಿರವೇ ಬರುತ್ತದೆ, ಊರಿನ ಹೋಟೆಲುಗಳಿಗೆಲ್ಲ ವೈನು ಕೊಡುವುದೂ ಅವರೇ. ಇನ್ನೊಂದು ಹೊಳೆಯಾಚೆಯದು, ಅಲ್ಲಿ ಬರೀ ಮರದ ಮೇಜು. “ಬಟ್ಟೆ ಹಾಸದೋರ ವಿಷ್ಯ ನಂಗೊತ್ತಿಲ್ಲ,” ಎನ್ನುವುದು ಅಕ್ಕನ ಮಾಮೂಲಿ ಉತ್ತರ.

ಆ ದಿನ ಅವಳು ಮೊದಲು ತೊಟ್ಟಿಯತ್ತ ನೋಡಿದಳು. ತೊಟ್ಟಿಯಲ್ಲಿ ಗುಡ್ಡದ ವೈನರಿಯ ಮೇಜುಬಟ್ಟೆ ನೆನೆದಿತ್ತು. ಕಲೆ ಕೆಂಪಾಗೇ ಇತ್ತು.

“ಗುಡ್ಡದ ಮೇಲೆ ಬೇಡ,” ಎಂದಳು. “ಹತ್ತು ದಿನದಿಂದ ನೋಡ್ತಿದೀನಿ. ಬಣ್ಣ ಹಾಕ್ತಿದಾರೆ. ಹೇಳೋಕೆ ನಂಗೇ ಬೇಜಾರು.”

ನಾನು ಕೈಯಲ್ಲಿ ಟವೆಲುಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆಗಲೇ ಬಾಯಿ ಬಿಡಬೇಕಿತ್ತು. ಆದರೆ ಆ ಕ್ಷಣಕ್ಕೆ ನನಗೆ ಹೊಳೆಯಲೇ ಇಲ್ಲ. ಯಜಮಾನರ ಮೇಲೆ ಸಿಟ್ಟು ಬಂತು, ಅಕ್ಕನ ಮೇಲೆ ಇನ್ನೂ ಹೆಚ್ಚು ಬಂತು. ಅವಳ ಕೆಲಸದಲ್ಲಿ ಅರ್ಧ ಆ ಗುಡ್ಡದಿಂದ ಬರುವುದು. ಅದಕ್ಕೇ ಕೊಡಲಿ ಹಾಕಿದಳಲ್ಲ ಎಂದು ಹಲ್ಲು ಕಚ್ಚಿದೆ.

ಬಸ್ಸು ಬಂತು, ಗುಡ್ಡ ಹತ್ತಲಿಲ್ಲ, ಹೊಳೆ ದಾಟಿತು. ಮರುದಿನ ಯಜಮಾನರು ತಮ್ಮ ವ್ಯಾನಿನಲ್ಲಿ ಅಂಗಳಕ್ಕೇ ಬಂದರು. ಎತ್ತರದ ಮನುಷ್ಯ, ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಆವತ್ತೂ ಕೂಗಲಿಲ್ಲ. ಒಂದು ಬಾಟಲಿ ತೆಗೆದು, ಬಿಳಿ ಬಟ್ಟೆಯ ಮೇಲೆ ತಾವೇ ನಾಲ್ಕು ಹನಿ ಹಾಕಿ, “ಮಾಡಿ ಅಕ್ಕಾ, ನನ್ನ ಮುಂದೇನೇ ಮಾಡಿ,” ಎಂದರು.

ಅಕ್ಕ ಡಬ್ಬಿಯಿಂದ ಒಂದು ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ ಕಲೆಯ ಮೇಲೆ ಸುರಿದಳು. ಮೂವರೂ ಬಗ್ಗಿ ನೋಡಿದೆವು. ಕೆಂಪು ಕೆಂಪಾಗೇ ಇತ್ತು. ಆ ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿದಾಗಲೇ ಅದರೊಳಗೆ ನಾನು ಏನು ಸುರಿದಿದ್ದೆ ಎಂಬುದು ನನಗೆ ನೆನಪಾಗಿತ್ತು.

“ಈ ದ್ರಾಕ್ಷಿ ಕಿತ್ತಿದ್ದು ನಾನು, ಹಿಂಡಿಸಿದ್ದು ನಾನು,” ಎಂದರು ಯಜಮಾನರು ಮೆಲ್ಲಗೆ. “ಇದಕ್ಕಿಂತ ಹೆಚ್ಚು ಹೇಳೋಕೆ ನಂಗೆ ಬರಲ್ಲ.” ಒಗೆದಿಟ್ಟ ಬಟ್ಟೆಗಳನ್ನು ವ್ಯಾನಿಗೆ ತುಂಬಿಕೊಂಡು ಹೋದರು. ಮರುದಿನದಿಂದ ಅವರ ಗಂಟು ಬರುವುದು ನಿಂತಿತು.

ಅವರ ಮುಖ ಅಕ್ಕನನ್ನು ಬಿಡಲಿಲ್ಲ. ಸಂಜೆ ಪೇಟೆಗೆ ಹೋಗಿ ಒಂದು ಗೊಂಚಲು ಕಪ್ಪು ದ್ರಾಕ್ಷಿ ತಂದಳು. ಸಿಪ್ಪೆ ಸಮೇತ ಬಟ್ಟೆಯ ಮೇಲೆ ಹಿಸುಕಿ, ಅದೇ ಪುಡಿಯ ನೀರು ಹಾಕಿದಳು. ಕೆಂಪಾಗೇ ಉಳಿಯಿತು. ಅವಳು ಒಣಗಿದ ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟಳು.

“ಹಾಗಾದ್ರೆ ಈ ಪರೀಕ್ಷೆನೇ ಸುಳ್ಳು,” ಎಂದಳು. “ಇಷ್ಟು ವರ್ಷ ಏನೋ ಕಂಡೆ ಅಂತ ಅಂದ್ಕೊಂಡಿದ್ದೆ.” ಆಮೇಲೆ, “ಆ ಮೀಸೆಯವನು,” ಎಂದಳು.

ಆಗ ಹೇಳಬಹುದಿತ್ತು. ನಾನೊಬ್ಬ ಹೇಡಿ, ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆ ಅವಳ ಮುಖ ನೋಡಿ ನಾಳಿದ್ದಿಗೆ ತಳ್ಳಿದೆ. ಹೀಗೆ ಒಂಬತ್ತು ದಿನ.

ಆ ಒಂಬತ್ತು ದಿನ ಅಕ್ಕ ಯಾರಿಗೂ ಏನೂ ಹೇಳಲಿಲ್ಲ. ಪ್ರವಾಸಿಗರು ಅಂಗಳಕ್ಕೆ ಹೋಗಿ ಕೇಳಿದರೆ, “ನಂಗೇನು ಗೊತ್ತು, ನಾನು ಬಟ್ಟೆ ಒಗೆಯೋಳು,” ಎಂದು ತಲೆ ಎತ್ತದೆ ಹೇಳಿ ಕಳಿಸಿದಳು. ಅವರು ವಾಪಸು ಬಂದು ನನ್ನ ಪಟ್ಟಿ ಹಿಡಿದು ಹೊರಟರು. ಹೊಟ್ಟೆ ಹಿಡಿದುಕೊಂಡು ಮರಳಿದರು. ಸೇತುವೆ ಪಕ್ಕದ ಹೋಟೆಲಿಗೆ ಮಂಗಳವಾರವೇ ಹೋದ ಒಬ್ಬರಿಗೆ ನಾನು ಮೂರು ಸಲ ಓಆರ್‌ಎಸ್ ಕಲಸಿ ಕೊಟ್ಟೆ. ಇಪ್ಪತ್ತು ವರ್ಷ ಯಾವ ಬಾಯಿಯನ್ನು ಮುಚ್ಚು ಎಂದು ಬೇಡಿದ್ದೆನೋ ಅದು ಮುಚ್ಚಿಕೊಂಡಿತ್ತು, ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವಳು ಈಗ ಬಟ್ಟೆಗಳನ್ನು ಬೆಳಕಿಗೆ ಹಿಡಿಯುತ್ತಿರಲಿಲ್ಲ. ಗಂಟು ಬಿಚ್ಚಿ ಹಾಗೆಯೇ ತೊಟ್ಟಿಗೆ ತಳ್ಳುತ್ತಿದ್ದಳು. ಬೆರಳುಗಳು ಮಾತ್ರ ನುಣ್ಣಗಾಗಿದ್ದವು.

ಹತ್ತನೇ ದಿನ ಬೆಳಿಗ್ಗೆ ಕೌಂಟರಿಗೆ ಬಂದಳು. ಅದಕ್ಕೆ ಮುಂಚೆ ಅವಳು ಎಂದಾದರೂ ಲಾಡ್ಜಿನ ಮುಂಬಾಗಿಲಿನಿಂದ ಬಂದದ್ದು ನನಗೆ ನೆನಪಿಲ್ಲ. ಕೈಯಲ್ಲಿ ಒಂದು ಲಕೋಟೆ.

“ಮೀಸೆಯವನು ಯಾವ ಊರಿಗೆ ಹೋದ ಅಂತ ನಿಂಗೆ ಗೊತ್ತಲ್ಲ? ವಿಳಾಸ ಹುಡುಕಿ ಕೊಡು.”

“ಯಾಕೆ?”

“ಕ್ಷಮಿಸಪ್ಪಾ ಅಂತ ಬರ್ದಿದೀನಿ. ಅವನ ಒಲೆ ನಾನೇ ಆರಿಸ್ಬಿಟ್ನಲ್ಲ. ಇದನ್ನ ಪೋಸ್ಟಿಗೆ ಹಾಕಿ, ಲಾಂಡ್ರಿ ಯಾರಿಗಾದ್ರೂ ಕೊಟ್ಬಿಡ್ತೀನಿ. ಈ ಕಣ್ಣು ನಂಬಿ ಇನ್ನೊಂದು ಗಂಟು ಬಿಚ್ಚೋಕೆ ನನ್ನ ಕೈಲಾಗಲ್ಲ.”

ಲಕೋಟೆಯನ್ನು ಆಗಲೇ ಅಂಟಿಸಿದ್ದಳು.

“ಅಕ್ಕಾ,” ಎಂದೆ. “ಡಬ್ಬೀಲಿರೋದು ಸೋಡಾ ಅಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ನಾನು ಅಂಗಡಿ, ಪುಡಿ, ಬಚ್ಚಲು ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿಯೇ ನನಗೆ ಅಸಹ್ಯವಾಯಿತು. ಅವಳು ತನ್ನ ಎರಡೂ ಕೈಗಳನ್ನು ಕೌಂಟರಿನ ಮೇಲಿಟ್ಟು, ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಮುಲಾಮು ಅಲ್ವಾ ಹಾಗಾದ್ರೆ ಇದು,” ಎಂದಳು.

“ಅಲ್ಲ.”

“ಎಷ್ಟು ದಿನದಿಂದ ಗೊತ್ತು ನಿಂಗೆ, ತಪ್ಪಾಗಿದೆ ಅಂತ?”

“ಯಜಮಾನ್ರು ಬಂದಾಗಿಂದ.”

ಹೊಡೆದಿದ್ದರೆ ಚೆನ್ನಾಗಿತ್ತು. “ಹೋಗಿ ಸೋಡಾ ತಗೊಂಬಾ,” ಎಂದಳು ಅಷ್ಟೇ.

ತಂದೆ. ಅಂಗಳದಲ್ಲಿ ದ್ರಾಕ್ಷಿ ಹಿಸುಕಿ, ನಿಜವಾದ ಸೋಡಾ ನೀರು ಹಾಕಿದಳು. ನಮ್ಮ ಕಣ್ಣೆದುರೇ ಕೆಂಪು ಕರಗಿ ಮಂಕು ನೀಲಿಯಾಯಿತು. “ಮೀಸೆಯವನು ಬಣ್ಣಾನೇ ಹಾಕ್ತಿದ್ದ,” ಎಂದು ಲಕೋಟೆಯನ್ನು ಹಂಡೆಯ ಕೆಳಗಿನ ಬೆಂಕಿಗೆ ಹಾಕಿದಳು. ಆಮೇಲೆ ಫ್ಲಾಸ್ಕಿಗೆ ಬಿಸಿನೀರು ತುಂಬಿದಳು, ಸೋಡಾದ ಪೊಟ್ಟಣ ಕಟ್ಟಿಕೊಂಡಳು, ನೋಟ್‌ಬುಕ್ ದಂಪತಿಯ ಕೋಣೆಯ ಬಾಗಿಲು ತಟ್ಟಿದಳು. “ನೀವೂ ಬನ್ನಿ. ನಾನು ಹೇಳಿದ್ದು ನಿಮಗೇ ಅಲ್ವಾ,” ಎಂದಳು. ನನ್ನ ಕಡೆ ನೋಡದೆಯೇ, “ನೀನಂತೂ ಬರ್ತೀಯ,” ಎಂದಳು.

ಗುಡ್ಡದ ವೈನರಿಯ ದೊಡ್ಡ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಪ್ರವಾಸಿಗರು ಗ್ಲಾಸು ಹಿಡಿದು ಕೂತಿದ್ದರು. ಯಜಮಾನರು ಎದ್ದು ನಿಂತರು. ಅಕ್ಕ ಒಳಗೆ ಕಾಲಿಟ್ಟವಳೇ ಉದ್ದನೆಯ ಮೇಜಿನ ಬಟ್ಟೆಯನ್ನು ಬೆರಳಿನಿಂದ ಎತ್ತಿ, “ಇದನ್ನ ಇಸ್ತ್ರಿ ಮಾಡಿದ್ದು ಯಾರು?” ಎಂದಳು. ನಾನು ಕಣ್ಣು ಮುಚ್ಚಿಕೊಂಡೆ.

ಅವಳು ಹತ್ತಿರದಲ್ಲಿದ್ದ ಬಾಟಲಿಯಿಂದ ನಾಲ್ಕು ಹನಿಯನ್ನು ಆ ಬಿಳಿ ಬಟ್ಟೆಯ ಮೇಲೆ ಬಿಟ್ಟು, ಫ್ಲಾಸ್ಕಿನ ಮುಚ್ಚಳದಲ್ಲಿ ಸೋಡಾ ಕಲಸಿ ಸುರಿದಳು. ಎಲ್ಲರೂ ಕತ್ತು ಚಾಚಿದರು. ನೀಲಿ.

“ಇವರು ಬಣ್ಣ ಹಾಕ್ತಾರೆ ಅಂತ ನಾನು ಹೇಳಿದ್ದೆ. ಅದು ತಪ್ಪು,” ಎಂದಳು ಎಲ್ಲರಿಗೂ ಕೇಳುವ ಹಾಗೆ. “ಸೋಡಾ ಬದಲಾಯಿಸಿದ್ದು ಈ ನನ್ನ ತಮ್ಮ. ಆದ್ರೆ ಮಾತಾಡಿದ್ದು ನಾನು. ಡಬ್ಬೀಲಿ ಏನಿದೆ ಅಂತ ನೋಡ್ದೇ ಮಾತಾಡ್ದೆ.” ಯಜಮಾನರ ಕಡೆ ತಿರುಗಿ, “ಕ್ಷಮಿಸಿ,” ಎಂದಳು. ನೋಟ್‌ಬುಕ್ಕಿನ ಹೆಂಡತಿ ಆಗಲೇ ಪುಟ ತಿರುವಿ ಏನನ್ನೋ ಹೊಡೆದು ಹಾಕುತ್ತಿದ್ದರು. ನಾನು ನೆಲ ನೋಡುತ್ತಾ ನಿಂತೆ.

ಯಜಮಾನರು ಆ ನೀಲಿ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಒಂದು ಕುರ್ಚಿ ಎಳೆದರು. “ಹದಿನೆಂಟು ವರ್ಷ ನನ್ನ ವೈನನ್ನ ಒಗೆದಿದೀರಿ. ಒಂದ್ಸಲಾನೂ ಕುಡಿದು ನೋಡಿಲ್ಲ. ಕೂತ್ಕೊಳ್ಳಿ. ಕುಡಿದು, ಆಮೇಲೆ ಏನು ಬೇಕಾದ್ರೂ ಹೇಳಿ.”

ಅಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಮೊಣಕೈ ಮೇಜಿಗೆ ತಾಗಿಸಲಿಲ್ಲ, ಬಟ್ಟೆ ಕೊಳೆಯಾಗುತ್ತದಲ್ಲ. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. ಚೆನ್ನಾಗಿದೆ ಎನ್ನು ತಾಯಿ, ಈ ಒಂದು ಸಲ ಚೆನ್ನಾಗಿದೆ ಎನ್ನು ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

“ಹುಳಿ,” ಎಂದಳು ಅಕ್ಕ.

ಮೇಜಿನ ಕೆಳಗೆ ಜಾಗ ಇದೆಯೇ ಎಂದು ನೋಡಿದೆ.

“ಬಣ್ಣದ ಮಾತು ನನ್ನ ತಪ್ಪು, ಅದಕ್ಕೆ ಕ್ಷಮೆ ಕೇಳಾಯ್ತು,” ಎಂದಳು. “ಹುಳಿ ಇರೋದು ನನ್ನ ತಪ್ಪಲ್ಲ.”

ಯಜಮಾನರು ತಮ್ಮ ಗ್ಲಾಸೆತ್ತಿ ಒಂದು ಗುಟುಕು ಕುಡಿದರು, ಕಿಟಕಿಯಾಚೆಯ ತೋಟ ನೋಡಿದರು. “ಮಳೆ ಬಂದ್ಬಿಡುತ್ತೆ ಅಂತ ಹೆದರಿ ಹತ್ತು ದಿನ ಮುಂಚೆ ಕಿತ್ಬಿಟ್ಟೆ,” ಎಂದರು. “ಯಾರೂ ಹೇಳ್ಲಿಲ್ಲ. ಕುಡಿದೋರೆಲ್ಲ ಚೆನ್ನಾಗಿದೆ ಅಂದ್ರು.” ಒಳಗೆ ಹೋಗಿ ಹಿಂದಿನ ವರ್ಷದ ಬಾಟಲಿ ತಂದು ಸುರಿದರು. ಅಕ್ಕ ಅದನ್ನು ನಿಧಾನವಾಗಿ ಕುಡಿದಳು, ಪೂರ್ತಿ ಕುಡಿದಳು. “ಇದಕ್ಕಾದ್ರೆ ಜನ ಕಳಿಸ್ತೀನಿ,” ಎಂದಳು. ಹತ್ತು ದಿನದ ನಂತರ ಅವಳ ಬಾಯಿಂದ ಬಂದ ಮೊದಲ ಶಿಫಾರಸು ಅದು. ನನ್ನ ಕಣ್ಣು ತುಂಬಿ ಬಂತು. ಸೋಡಾದ ಘಾಟು ಎಂದು ಪಕ್ಕದವರಿಗೆ ಹೇಳಿದೆ.

ಹೊರಡುವಾಗ ಅವಳು ಗ್ಲಾಸು ಬಾಟಲಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಆ ಮೇಜುಬಟ್ಟೆಯನ್ನು ಎಳೆದು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಯಜಮಾನರು ಬೇಡವೆನ್ನಲಿಲ್ಲ. ಮರುದಿನ ಬೆಳಿಗ್ಗೆ ಅವರ ವ್ಯಾನು ಉಳಿದ ಬಟ್ಟೆಗಳ ಗಂಟು ಹೊತ್ತು ಅಂಗಳಕ್ಕೆ ಬಂತು.

ಈಗ ಅವಳ ಬೆರಳು ಮತ್ತೆ ಬಿರಿದಿವೆ. ಸಂಜೆಯಾದರೆ “ಲೋ, ಮುಲಾಮು” ಎಂಬ ಕೂಗು ಕೇಳುತ್ತದೆ, ನಾನು ಗೊಣಗುತ್ತಾ ಓಡುತ್ತೇನೆ. ಸವರುವಾಗ ಅವಳು ಕೈ ಕೊಡುತ್ತಾಳೆ, ಮುಖ ಕೊಡುವುದಿಲ್ಲ. ತಗಡಿನ ಡಬ್ಬಿಗೆ ಒಂದು ಸಣ್ಣ ಬೀಗ ಹಾಕಿದ್ದಾಳೆ. ಅದರ ಬೀಗದ ಕೈ ನನ್ನ ಹತ್ತಿರ ಇಲ್ಲ.